ನಿಂತದ್ದು, ನಿಲ್ಲಿಸಿದ್ದು

ನಮ್ಮ ಕಾರ್ಖಾನೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಜೋಯಿಸಮ್ಮ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಯಜಮಾನರವರೆಗೆ ಎಲ್ಲರಿಗೂ ಗೊತ್ತು. ಅವರು ಕೈ ನೋಡುವವರಲ್ಲ, ಕವಡೆ ಹಾಕುವವರೂ ಅಲ್ಲ. ಇನ್ನೂ ಹುಟ್ಟದ ಯಂತ್ರ ಎಷ್ಟು ಗಂಟೆ ಬದುಕೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ನಾನು ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಹದಿನಾರು ವರ್ಷ ಬಿಡಿಭಾಗ ಎಣಿಸಿದವನು. ಅವರ ಕೋಣೆಗೂ ನನ್ನ ಕಿಟಕಿಗೂ ನಡುವೆ ಒಂದು ಮೆಟ್ಟಿಲ ಸಾಲು ಮಾತ್ರ. ಇಲ್ಲಿ ಬರೆದಿರುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ಅವರೇ ಹೇಳಿದ್ದು. ಅವರು ಸುಳ್ಳು ಹೇಳುವವರಲ್ಲ. ಹೇಳುವವರಾಗಿದ್ದರೆ ಅವರ ನೌಕರಿ ಇನ್ನಷ್ಟು ಸಲೀಸಾಗಿ ಸಾಗುತ್ತಿತ್ತು.

ನಾವು ಮಾಡುತ್ತಿದ್ದದ್ದು ಮನೆಯಲ್ಲಿ ಇಟ್ಟುಕೊಳ್ಳುವ ಆಮ್ಲಜನಕದ ಯಂತ್ರ. ಶ್ವಾಸಕೋಶ ಸೋತವರ ಮಂಚದ ಪಕ್ಕ ನಿಂತು, ಕೋಣೆಯ ಗಾಳಿಯನ್ನೇ ಎಳೆದು ಸೋಸಿ, ತೆಳು ಕೊಳವೆಯಲ್ಲಿ ಮೂಗಿಗೆ ಕೊಡುವ ಮೊಣಕಾಲೆತ್ತರದ ಪೆಟ್ಟಿಗೆ. ಹಗಲೂ ರಾತ್ರಿ ಓಡಬೇಕು. ಅದರೊಳಗೆ ಇನ್ನೂರ ಹದಿನೇಳು ಬಿಡಿಭಾಗ. ಜೋಯಿಸಮ್ಮನ ಸಾಫ್ಟ್‌ವೇರಿನಲ್ಲಿ ಆ ಇನ್ನೂರ ಹದಿನೇಳರ ಪಟ್ಟಿ ಎಡಗಡೆಗಿರುತ್ತಿತ್ತು. ಯಾವ ಭಾಗಕ್ಕೆ ಎಷ್ಟು ಶಾಖ, ಎಷ್ಟು ವೋಲ್ಟೇಜು, ಎಷ್ಟು ಅದುರಾಟ ಎಂದು ತುಂಬಿದರೆ ಕೆಳಗೆ ಒಂದು ಅಂಕಿ ಬರುತ್ತಿತ್ತು: ಹತ್ತು ಲಕ್ಷ ಗಂಟೆ ಓಡಿದರೆ ಇಷ್ಟು ಸಲ ಕೆಡುತ್ತದೆ. ಬಲಗಡೆ ಅದೇ ಯಂತ್ರದ ಇನ್ನೊಂದು ವಿನ್ಯಾಸ ಇಟ್ಟುಕೊಂಡು, ಶಾಖವನ್ನು ಐದು ಡಿಗ್ರಿ ಏರಿಸಿ, ಎರಡೂ ಅಂಕಿ ಹೇಗೆ ಏರುತ್ತವೆ ಎಂದು ನೋಡುತ್ತ ಕೂರುವುದೇ ಅವರ ದಿನಚರಿ. ಅವರು ಕಾಲೇಜು ಕಂಡವರಲ್ಲ. ರಿಪೇರಿ ಮೇಜಿನ ಮೇಲೆ ಬೆಸುಗೆ ಹಾಕುತ್ತಿದ್ದವರು, ಸತ್ತ ಬಿಡಿಭಾಗಗಳ ಪಟ್ಟಿಯನ್ನು ತಮ್ಮಷ್ಟಕ್ಕೆ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹಳೆಯ ಎಂಜಿನಿಯರು ಬಿಟ್ಟುಹೋದಾಗ ಆ ನೋಟುಬುಕ್ಕು ನೋಡಿದ ಯಜಮಾನರು, "ಇವರನ್ನೇ ಕೂರಿಸಿ" ಎಂದರು.

ಯಾರು ಏನು ಕೇಳಿದರೂ ಅವರ ಬಾಯಲ್ಲಿ ಮೊದಲು ಬರುತ್ತಿದ್ದದ್ದು "ಯಾವ ಷರತ್ತಲ್ಲಿ?" ಒಂದು ಸಲ ಅವರ ಗಂಡ ಊಟದ ಡಬ್ಬಿ ಕೊಡಲು ಬಂದವರು ನಮ್ಮೆಲ್ಲರೆದುರು ತಮಾಷೆ ಮಾಡಿದರು.

"ನಂದು ಇನ್ನೆಷ್ಟು ಗಂಟೆ, ಲೆಕ್ಕ ಹಾಕಿ ಹೇಳು ನೋಡೋಣ."

"ಯಾವ ಷರತ್ತಲ್ಲಿ? ಸಿಗರೇಟ್ ಸಮೇತವೋ, ಬಿಟ್ಟೋ?"

ಆ ಮನುಷ್ಯ ಡಬ್ಬಿ ಇಟ್ಟು ಪೆಚ್ಚಾಗಿ ಹೋದರು.

ಹೊಸ ಯಂತ್ರದ ಪೆಟ್ಟಿಗೆ ಎರಕದ ಅಚ್ಚಿಗೆ ಹೋಗಬೇಕಾದರೆ ಒಂದು ಹಾಳೆಯ ಮೇಲೆ ಜೋಯಿಸಮ್ಮನ ಸಹಿ ಬೀಳಬೇಕು. ಹತ್ತೊಂಬತ್ತು ವರ್ಷದಲ್ಲಿ ಅವರು ಸಹಿ ಹಾಕಿ ಹೊಡೆದುಹಾಕಿದ್ದು ಒಂದೂ ಇಲ್ಲ. ಅವರಿಗೆ ಅದರ ಹೆಮ್ಮೆ ಇತ್ತು, ಮುಚ್ಚಿಡುತ್ತಲೂ ಇರಲಿಲ್ಲ.

ಸಾಫ್ಟ್‌ವೇರ್ ಹೇಳಿದ್ದನ್ನೇ ವೇದವಾಕ್ಯವೆಂದು ನಂಬುವವರೂ ಅಲ್ಲ ಅವರು. ರಿಪೇರಿಯ ಮೆಕ್ಯಾನಿಕ್ ಇಟ್ಟ ದಫ್ತರದ ಜೊತೆ ತಾಳೆ ನೋಡುತ್ತಿದ್ದರು. ಅದಕ್ಕಾಗಿ ಆತನಿಗೆ ಒಂದು ಪಾಠವನ್ನೂ ಹೇಳಿಕೊಟ್ಟಿದ್ದರು. ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳಬೇಕಾದದ್ದು: "ನಿಂತಿತಾ, ನಿಲ್ಲಿಸಿದ್ರಾ?" ತಾನಾಗಿ ನಿಂತಿದ್ದರೆ ಅದು ಕೆಟ್ಟದ್ದು, ದಫ್ತರಕ್ಕೆ ಬರೆಯಬೇಕು. ಜನ ತಾವೇ ನಿಲ್ಲಿಸಿದ್ದರೆ ಅದರಲ್ಲಿ ಯಂತ್ರದ ತಪ್ಪೇನಿದೆ? ಬರೆಯಬಾರದು. ಮೆಕ್ಯಾನಿಕ್ ಎಂಟು ವರ್ಷದಿಂದ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. "ನಿಲ್ಲಿಸಿದ್ವಿ" ಎಂದವರಿಗೆ "ಹಾಗಾದ್ರೆ ಸ್ವಿಚ್ ಹಾಕ್ಕೊಳ್ಳಿ" ಎಂದು ಫೋನ್ ಇಟ್ಟುಬಿಡುತ್ತಿದ್ದ.

ಇಂಥದ್ದರ ನಡುವೆ ಡಿಸೈನ್ ವಿಭಾಗಕ್ಕೆ ಒಬ್ಬ ಹೊಸ ಎಂಜಿನಿಯರು ಬಂದ. ತಲೆಯ ಮೇಲೆ ಕೂದಲು ಕಮ್ಮಿ, ಬಾಯಲ್ಲಿ ಮಾತು ಅದಕ್ಕಿಂತ ಕಮ್ಮಿ. ಮೂರೇ ದಿನಕ್ಕೆ ಮೌನಿ ಎಂದು ಹೆಸರು ಬಿತ್ತು. ಅವನ ತಲೆಯಲ್ಲಿ ಹೊಕ್ಕಿದ್ದೂ ಒಂದು ಮೌನದ ಯಂತ್ರವೇ. ಪಂಪಿನ ಸದ್ದನ್ನು ಅವನು ರಬ್ಬರಿನ ಕಾಲಿಟ್ಟು ಅಡಗಿಸಿದ್ದ. ಉಳಿದದ್ದು ಫ್ಯಾನಿನ ಗುರ್ ಶಬ್ದ, ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. ಫ್ಯಾನನ್ನೇ ತೆಗೆದುಬಿಟ್ಟು, ಪೆಟ್ಟಿಗೆಯ ಮೈಯನ್ನು ಗೆರೆಗೆರೆಯ ಅಲ್ಯೂಮಿನಿಯಂನಲ್ಲಿ ಮಾಡಿದರೆ ಶಾಖ ತಾನಾಗಿ ಆರುತ್ತದೆ ಎಂದು ಅವನ ವಾದ. ಮಾಡಿಯೂ ತೋರಿಸಿದ. ಕಿವಿ ಹಚ್ಚಿದರೂ ಉಸಿರಾಡಿದಷ್ಟೇ ಸದ್ದು.

ಜೋಯಿಸಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ತೆಗೆದರು. ಆಗಲೇ ಮಾರಾಟದಲ್ಲಿದ್ದ ಫ್ಯಾನಿನ ಯಂತ್ರಕ್ಕೆ ಹತ್ತು ಲಕ್ಷ ಗಂಟೆಗೆ ಮೂವತ್ತೊಂದು ಸಲ, ಎಂದರೆ ಹಗಲಿರುಳು ಓಡಿದರೂ ಮೂರೂವರೆ ವರ್ಷದ ಮೇಲೆ ಬಾಳಿಕೆ. ಫ್ಯಾನ್ ಇಲ್ಲದ್ದಕ್ಕೆ ನಲವತ್ತನಾಲ್ಕು, ಎರಡೂವರೆ ವರ್ಷಕ್ಕೆ ಚೂರು ಹೆಚ್ಚು. ಒಳಗಿನ ಶಾಖಕ್ಕೆ ಕೆಪಾಸಿಟರುಗಳು ಬೇಗ ಮುದಿಯಾಗುತ್ತಿದ್ದವು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನ್ರೀ?" ಎಂದರು ಮೌನಿಗೆ.

"ಸದ್ದೂ ಒಂದು ತೊಂದರೆ ಅಲ್ವಾ ಮೇಡಂ?"

"ತೊಂದರೆ ಇರಬಹುದು. ಕೆಡೋದು ಅಲ್ಲ. ನನ್ನ ಹಾಳೇಲಿ ಕೆಡೋದಕ್ಕೆ ಮಾತ್ರ ಜಾಗ."

ಫ್ಯಾನಿನ ಯಂತ್ರಕ್ಕೇ ಸಹಿ ಹಾಕಿದರು. ಯಜಮಾನರು, ಮೂರು ವಾರ ಕಳೆದು ಸೋಮವಾರ ಅಚ್ಚಿಗೆ ಆರ್ಡರ್ ಕೊಡುತ್ತೇನೆ, ಒಮ್ಮೆ ಕೊಟ್ಟರೆ ಐದು ವರ್ಷ ಅದೇ ಪೆಟ್ಟಿಗೆ, ಎಂದು ಹೇಳಿದರು. ಮೌನಿಯ ಯಂತ್ರವನ್ನು ನನ್ನ ಸ್ಟೋರಿನ ಮೂಲೆಗೆ ತಂದಿಟ್ಟರು. ನಾನು ಅದರ ಮೇಲೆ ಚೀಟಿ ಅಂಟಿಸಿದೆ: ಬಿಚ್ಚಿ ಬಿಡಿಭಾಗ ತೆಗೆಯುವುದು. ಮೌನಿ ಬಂದು ಚೀಟಿ ಓದಿ ಹೋದ. ಪಾಪ ಅನ್ನಿಸಿತು, ಆದರೆ ನನ್ನ ಕೆಲಸ ಚೀಟಿ ಅಂಟಿಸುವುದು.

ಮರುವಾರ ಜೋಯಿಸಮ್ಮನ ಅಕ್ಕನ ಯಂತ್ರ ಕೆಟ್ಟಿತು.

ಈ ಅಕ್ಕ ತಾಯಿ ಇಲ್ಲದ ತಂಗಿಯನ್ನು ಹೊಲಿಗೆ ಮೆಷಿನ್ ತುಳಿದು ಸಾಕಿದವರು. ಅರವತ್ತೆಂಟು ವಯಸ್ಸು, ಗಂಡನಿಲ್ಲ, ಎರಡು ಕೋಣೆಯ ಮಹಡಿ ಮನೆ, ಹತ್ತಿಯ ಧೂಳು ತಿಂದು ತಿಂದು ಹಾಳಾದ ಎದೆ. ನಮ್ಮದೇ ಯಂತ್ರವನ್ನು ಅವರ ಮನೆಯಲ್ಲಿ ಇಟ್ಟು ಬಂದ ದಿನ ಜೋಯಿಸಮ್ಮ, "ಮೂರೂವರೆ ವರ್ಷ ಇದನ್ನ ತಿರುಗಿ ನೋಡಬೇಕಾಗಿಲ್ಲ ಅಕ್ಕ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅದು ಹದಿನಾಲ್ಕು ತಿಂಗಳಿಗೆ ನಿಂತಿತು. ಕೆಟ್ಟು ನಿಂತರೆ ಯಂತ್ರ ಕೀರಲು ದನಿಯಲ್ಲಿ ಕೂಗಿಕೊಳ್ಳುತ್ತದೆ. ಆ ಕೂಗು ಕೇಳಿ ಕೆಳಗಿನ ಮನೆಯವರು ಓಡಿ ಬಂದಾಗ ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದರಂತೆ, ತುಟಿ ನೀಲಿ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಯಂತ್ರವನ್ನು ಬಿಚ್ಚಿದರೆ ಫ್ಯಾನಿನ ಬೇರಿಂಗ್ ಕಚ್ಚಿಕೊಂಡಿತ್ತು, ನಾಲ್ಕು ಕೆಪಾಸಿಟರು ಹೊಟ್ಟೆ ಉಬ್ಬಿಸಿ ಕೂತಿದ್ದವು. ಸಾವಿರದಲ್ಲೊಂದು ಹೀಗಾಗುತ್ತದೆ ಎಂದು ಜೋಯಿಸಮ್ಮ ತಮಗೆ ತಾವೇ ಹೇಳಿಕೊಂಡರು. ಬೇರೆ ಯಂತ್ರ ತೆಗೆದುಕೊಂಡು ಅಕ್ಕನ ಮನೆಗೆ ಹೋಗಿ, ಹಳೆಯದು ಇದ್ದ ಜಾಗ ಗುಡಿಸುವಾಗ ಮಂಚದ ಮೇಲೆ ಒಂದು ಬಟ್ಟೆ ಕಂಡಿತು. ಹತ್ತಿ ತುಂಬಿದ ಎರಡು ಪದರ, ಮುಂದೆ ಐದು ಗುಂಡಿ, ಕೊಳವೆ ಹೊರಬರಲು ಅಂದವಾಗಿ ಕಾಜಾ ಹಾಕಿದ ತೂತು. ಹಿಂದಿನ ಜಾಲರಿಯ ಜಾಗಕ್ಕೆ ಕಿಟಕಿ ಬಿಟ್ಟಿದ್ದರು. ಧೂಳು ಹೋಗದಿರಲೆಂದು ಅದಕ್ಕೂ ತೆಳುವಾದ ಬಟ್ಟೆ.

"ಏನಕ್ಕ ಇದು?"

"ಅಂಗಿ. ನಿನ್ನ ಯಂತ್ರಕ್ಕೆ. ಕೆಳಗಡೆ ಪರೀಕ್ಷೆಗೆ ಓದೋ ಮಕ್ಕಳಿದಾರೆ, ಇದು ದಿನವಿಡೀ ಗುರ್ ಅಂತಿದ್ರೆ ಅವರಿಗೆ ತೊಂದರೆ ಅಲ್ವಾ? ಹೊಲಿದು ಹಾಕಿದೆ, ಸದ್ದು ಅರ್ಧ ಆಯ್ತು. ಆಸ್ಪತ್ರೆ ಸಾಲಲ್ಲಿ ಸಿಕ್ಕಿದವರೆಲ್ಲಾ ನಮಗೂ ಒಂದು ಅಂದ್ರು. ಹನ್ನೊಂದು ಹೊಲಿದು ಕೊಟ್ಟಿದೀನಿ."

ಅಕ್ಕನ ದನಿಯಲ್ಲಿ ಹೆಮ್ಮೆ ಇತ್ತು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ ಇರಬೇಕು.

ಜೋಯಿಸಮ್ಮ ಅಂಗಿಯನ್ನು ಕಾರ್ಖಾನೆಗೆ ತಂದು ಒಂದು ಯಂತ್ರಕ್ಕೆ ತೊಡಿಸಿ, ಒಳಗೆ ಶಾಖ ಅಳೆಯುವ ತಂತಿ ಬಿಟ್ಟು ಅರ್ಧ ದಿನ ಓಡಿಸಿದರು. ನಾವೆಲ್ಲ ನಿಂತು ನಕ್ಕೆವು. ಐದು ಗುಂಡಿಯ ಅಂಗಿ ತೊಟ್ಟ ಪೆಟ್ಟಿಗೆ ಶಾಲೆಗೆ ಹೊರಟ ಮಗುವಿನ ಹಾಗೆ ಕಾಣುತ್ತಿತ್ತು. ಒಳಗಿನ ಶಾಖ ಇಪ್ಪತ್ತೆರಡು ಡಿಗ್ರಿ ಏರಿತ್ತು. ಅದನ್ನು ಸಾಫ್ಟ್‌ವೇರಿಗೆ ತುಂಬಿದರೆ ಮೂವತ್ತೊಂದು ಇದ್ದದ್ದು ತೊಂಬತ್ತಾರಕ್ಕೆ ಹೋಯಿತು. ಗಂಟೆಯನ್ನು ತಿಂಗಳಿಗೆ ತಿರುಗಿಸಿದರೆ ಹದಿನಾಲ್ಕು. ಸರಾಸರಿ ಎಂಬುದು ಯಾವ ಒಂದು ಯಂತ್ರದ ಹಣೆಬರಹವೂ ಅಲ್ಲ ಎಂದು ನಮಗೆಲ್ಲ ಬುದ್ಧಿ ಹೇಳುತ್ತಿದ್ದವರೇ ಅವರು. ಆದರೂ ಆ ಹದಿನಾಲ್ಕನ್ನು ನೋಡಿ ಲೆಕ್ಕವನ್ನು ಇನ್ನೊಮ್ಮೆ ಹಾಕಿದರಂತೆ.

ಮೆಕ್ಯಾನಿಕ್‌ನನ್ನು ಕರೆಸಿ ಕೇಳಿದರು.

"ಜನ ಯಂತ್ರ ಮುಚ್ಚಿಡ್ತಾರೇನಪ್ಪಾ?"

"ಹತ್ತು ಮನೇಲಿ ಆರೇಳು ಮನೇಲಿ ಮುಚ್ಚಿರ್ತಾರೆ ಮೇಡಂ. ಕಂಬಳಿ, ದಿಂಬು, ಕೆಲವರು ಬೀರು ಒಳಗೇ ಇಟ್ಬಿಡ್ತಾರೆ."

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ದಫ್ತರದಲ್ಲಿ ಅದಕ್ಕೆ ಜಾಗವೂ ಇಲ್ಲ."

ಜೋಯಿಸಮ್ಮ ಹೊಸ ಹಾಳೆ ಹಿಡಿದು ಯಜಮಾನರ ಮುಂದೆ ಹೋದರು. ಮುಚ್ಚಿದ ಫ್ಯಾನ್ ಯಂತ್ರ ತೊಂಬತ್ತಾರು. ಸದ್ದಿಲ್ಲದ ಯಂತ್ರವನ್ನು ಯಾರೂ ಮುಚ್ಚುವುದಿಲ್ಲ, ಅದು ನಲವತ್ತನಾಲ್ಕರಲ್ಲೇ ಇರುತ್ತದೆ, ಎಂದು ಬರೆದಿತ್ತು. ಬಾಗಿಲ ಬಳಿ ನಿಂತಿದ್ದ ಮೌನಿಯ ಮುಖ ಅರಳಿತು.

ಯಜಮಾನರು ದಡ್ಡರಲ್ಲ. "ಮುಚ್ಚದೇ ಇದ್ರೆ?" ಎಂದು ಕೇಳಿದರು.

"ಮೂವತ್ತೊಂದು."

"ಹಾಗಾದ್ರೆ ಮುಚ್ಚಬೇಡಿ ಅಂತ ಒಂದು ಸ್ಟಿಕರ್ ಅಂಟಿಸಿ. ಈಗಾಗಲೇ ಮುಚ್ಚಿದವರ ಮನೆಗೆ ಹೋಗಿ ಹೇಳಿ. ಹಾವೂ ಸಾಯ್ತದೆ, ಕೋಲೂ ಮುರಿಯಲ್ಲ. ನಿಮ್ಮ ಸಹಿ ಹಾಗೇ ಇರಲಿ, ಸೋಮವಾರ ಆರ್ಡರ್."

ಮಾತಿನಲ್ಲಿ ತಪ್ಪಿರಲಿಲ್ಲ. ಷರತ್ತು ಸರಿಪಡಿಸಿದರೆ ಅಂಕಿ ಅವರ ಕಡೆಗೇ ಇತ್ತು. ಸಹಿ ಹೊಡೆದುಹಾಕಬೇಕಾಗಿಲ್ಲವಲ್ಲ ಎಂದು ಜೋಯಿಸಮ್ಮನಿಗೆ ಒಳಗೊಳಗೇ ಹಾಯೆನಿಸಿತು. ಒಪ್ಪಿಕೊಂಡು ಬಂದರು. ಮೌನಿ ಆವತ್ತು ಕ್ಯಾಂಟೀನಿಗೆ ಬರಲಿಲ್ಲ.

ಅಕ್ಕನಿಗೆ ವಿಷಯ ಹೇಳಿದರು. ಅವರು ಅಳತೆ ಪುಸ್ತಕ ತೆಗೆದು ಹನ್ನೊಂದು ಮನೆಯ ಗುರುತನ್ನೂ ಬರೆದುಕೊಟ್ಟರು. "ನಾನು ಒಳ್ಳೇದಕ್ಕೇ ಮಾಡಿದ್ದು. ಹೋಗು, ಬೇಗ ಹೋಗಿ ಬಿಚ್ಚಿಸು" ಎಂದರು.

ಜೋಯಿಸಮ್ಮ ಮತ್ತು ಮೆಕ್ಯಾನಿಕ್ ಸ್ಟಿಕರಿನ ಕಟ್ಟು ಹಿಡಿದು ಗುರುವಾರ ಹೊರಟರು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹತ್ತು ಮನೆ ಮುಗಿದಿತ್ತು. ಹತ್ತರಲ್ಲೂ ಯಂತ್ರ ಓಡುತ್ತಿತ್ತು, ಹತ್ತರಲ್ಲೂ ಅಂಗಿ ಇತ್ತು. ಒಂದು ಮನೆಯಲ್ಲಿ ಅದಕ್ಕೆ ಕನ್ನಡಕ ಇಡಲು ಜೇಬೂ ಇತ್ತು. ಬಿಚ್ಚಿದ ಕೂಡಲೇ ಸದ್ದು ಏರಿ, ಪಕ್ಕದ ಕೋಣೆಯಿಂದ ಯಾರಾದರೊಬ್ಬರು ಇಣುಕುತ್ತಿದ್ದರು. ಜೋಯಿಸಮ್ಮ ಸ್ಟಿಕರ್ ಅಂಟಿಸಿ, ಶಾಖದ ವಿಷಯ ತಿಳಿಸಿ, ಮುಂದಿನ ಮನೆಗೆ ನಡೆಯುತ್ತಿದ್ದರು.

ಹನ್ನೊಂದನೆಯದು ಒಬ್ಬ ನಿವೃತ್ತ ಬಸ್ ಡ್ರೈವರಿನ ಮನೆ. ಬಾಗಿಲು ತೆಗೆದದ್ದು ಅವರ ಹೆಂಡತಿ.

"ಯಂತ್ರ ನೋಡೋಕೆ ಬಂದ್ರಾ? ತಡ ಆಯ್ತಲ್ಲಮ್ಮಾ. ಅವರು ಹೋಗಿ ಎರಡು ತಿಂಗಳಾಯ್ತು."

ಒಂದೇ ಕೋಣೆ, ಒಂದು ಅಗಲ ಮಂಚ, ಕಿಟಕಿಯ ಕೆಳಗೆ ನಮ್ಮ ಪೆಟ್ಟಿಗೆ. ಮೈಮೇಲೆ ಅಂಗಿ ಇರಲಿಲ್ಲ.

"ನಮ್ಮಕ್ಕ ಹೊಲಿದು ಕೊಟ್ಟಿದ್ದ ಅಂಗಿ ಎಲ್ಲಮ್ಮಾ?"

"ಅದನ್ನ ಅವರು ಎರಡೇ ದಿನಕ್ಕೆ ಕಿತ್ತುಹಾಕಿದ್ರು. ‘ಎಂಜಿನ್‌ಗೆ ಯಾರಾದ್ರೂ ಕಂಬಳಿ ಹೊದಿಸ್ತಾರೇನೇ, ಬಿಸಿ ಆಗಿ ಸತ್ತೋಗುತ್ತೆ’ ಅಂದ್ರು. ಮೂವತ್ತೆರಡು ವರ್ಷ ಬಸ್ ಓಡಿಸಿದವರು, ಅವರಿಗೆ ಆ ಸದ್ದು ಜೋಗುಳ. ಹೊರಳಾಡ್ತಿದ್ದೋಳು ನಾನೇ. ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಬೆಳಗ್ಗೆ ನನ್ನ ಮುಖ ನೋಡಿ ಅವರು ಬೇಜಾರು ಮಾಡ್ಕೊಳ್ತಿದ್ರು."

ಸ್ಟಿಕರ್ ಹೇಳಬೇಕಾದದ್ದನ್ನು ಈ ಡ್ರೈವರ್ ಯಾರೂ ಹೇಳದೆಯೇ ಪಾಲಿಸಿದ್ದರು. ಜೋಯಿಸಮ್ಮನ ಹಾಳೆಯಲ್ಲಿ ಇದ್ದದ್ದೂ ಇಂಥ ಯಂತ್ರವೇ, ಮೂವತ್ತೊಂದರದ್ದು.

"ಯಂತ್ರ ಏನಾಯ್ತು?" ಎಂದು ಕೇಳಿದರು.

"ಕೆಟ್ಟೋಗಿರಬೇಕು. ಅವತ್ತು ನಾನು ಎದ್ದಾಗ ನಿಂತಿತ್ತು, ಅವರೂ ತಣ್ಣಗಾಗಿದ್ರು. ನಾನು ಎದ್ದಿದ್ದೇ ಏಳು ಗಂಟೆಗೆ. ಎಷ್ಟೋ ತಿಂಗಳಾದ ಮೇಲೆ ಅವತ್ತು ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು."

"ಅದು ಕೂಗಿಕೊಳ್ಳಲಿಲ್ವಾ?"

"ಇಲ್ಲ. ಕೂಗಿದ್ರೆ ನನಗೆ ಎಚ್ಚರ ಆಗ್ತಿತ್ತಲ್ಲ."

"ನಮಗೆ ಫೋನ್ ಮಾಡಬಹುದಿತ್ತು."

"ಮನುಷ್ಯರೇ ಇಲ್ಲ ಅಂದ ಮೇಲೆ ಯಂತ್ರದ ದೂರು ಯಾರಿಗೆ ಬೇಕಮ್ಮಾ? ಅವತ್ತಿಂದ ಅದನ್ನ ಮುಟ್ಟಿಲ್ಲ."

ಮೆಕ್ಯಾನಿಕ್‌ಗೆ ಆಗಲೇ ಅರ್ಥವಾಗಿತ್ತು. "ಮೇಡಂ, ಹೋಗೋಣ" ಎಂದ. ಜೋಯಿಸಮ್ಮ ಬಗ್ಗಿ ಸ್ವಿಚ್ ಒತ್ತಿದರು.

ಯಂತ್ರ ಓಡಿತು. ಫ್ಯಾನ್ ಗುರ್ ಎಂದಿತು, ಕೊಳವೆಯ ತುದಿಯಲ್ಲಿ ಗಾಳಿ ಬಂತು. ಎಲ್ಲ ಸರಿಯಾಗಿತ್ತು. "ಮೊದಲು ನನಗೆ ಸಮಾಧಾನವಾಯಿತು ನೋಡಿ," ಎಂದು ಆಮೇಲೆ ನನಗೆ ಹೇಳಿದರು. "ಯಂತ್ರ ಕೆಟ್ಟಿಲ್ಲ, ನನ್ನ ಲೆಕ್ಕ ಸರಿ ಅಂತ. ಒಂದೇ ಕ್ಷಣ. ಆ ಒಂದು ಕ್ಷಣಕ್ಕೆ ನನಗೆ ಈಗಲೂ ನಾಚಿಕೆ ಆಗುತ್ತೆ."

ಆ ಹೆಂಗಸು ಯಂತ್ರವನ್ನು ನೋಡುತ್ತ ನಿಂತರು. ಆಮೇಲೆ ಮಂಚದ ಅಂಚಿಗೆ ಕೂತರು.

"ಹಾಗಾದ್ರೆ ಇದು ನಿಂತಿರಲಿಲ್ಲ," ಎಂದರು. "ಅವರೇ ನಿಲ್ಲಿಸಿದ್ದು. ನಾನು ಮಲಕ್ಕೊಳ್ಳಲಿ ಅಂತ."

ಜೋಯಿಸಮ್ಮ ಸ್ವಿಚ್ಚಿನ ಕಡೆ ಕೈ ಚಾಚಿದಾಗ ಆಕೆ, "ಬೇಡ, ಇರಲಿ, ಸ್ವಲ್ಪ ಹೊತ್ತು ಓಡಲಿ" ಎಂದರು. ಅರ್ಧ ಗಂಟೆ ಮೂವರೂ ಆ ಸದ್ದಿನಲ್ಲಿ ಕೂತಿದ್ದರಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಜೋಯಿಸಮ್ಮ ಮೆಕ್ಯಾನಿಕ್‌ನನ್ನು ಕೇಳಿದರು: "ನಿಲ್ಲಿಸಿದ್ವಿ ಅಂತ ಫೋನ್ ಮಾಡಿದವರು ಎಷ್ಟು ಜನ ಇರಬಹುದು?"

"ತುಂಬಾ ಜನ ಮೇಡಂ. ಮನೆಯವರಿಗೆ ನಿದ್ದೆ ಇಲ್ಲ, ರಾತ್ರಿ ನಿಲ್ಲಿಸಿದ್ರೆ ಏನಾದ್ರೂ ಆಗುತ್ತಾ ಅಂತ ಕೇಳೋರು. ಎಷ್ಟು ಅಂತ ಹೇಳಲಿ? ಬರೀಬೇಡ ಅಂದಿದ್ರಲ್ಲ ನೀವು."

ಸೋಮವಾರ ಬೆಳಗ್ಗೆ ಅವರು ನೇರ ಯಜಮಾನರ ಕೋಣೆಗೆ ಹೋದರು. ಆರ್ಡರಿನ ಕಾಗದಕ್ಕೆ ಬಿಡಿಭಾಗದ ಪಟ್ಟಿ ಲಗತ್ತಿಸಲು ನಾನೂ ಅಲ್ಲೇ ಇದ್ದೆ. ಮೇಜಿನ ಮೇಲಿದ್ದ ಹಾಳೆಯನ್ನು ಎಳೆದುಕೊಂಡು, ತಮ್ಮ ಸಹಿಯ ಮೇಲೆ ಅಡ್ಡ ಗೆರೆ ಎಳೆದರು. ಮೌನಿಯ ಯಂತ್ರದ ಹಾಳೆಯನ್ನು ಅದರ ಮೇಲಿಟ್ಟರು.

"ನಲವತ್ತನಾಲ್ಕು ಮೂವತ್ತೊಂದಕ್ಕಿಂತ ಯಾವಾಗಿಂದ ಕಮ್ಮಿ ಆಯ್ತು?" ಎಂದರು ಯಜಮಾನರು.

"ಕಮ್ಮಿ ಆಗಿಲ್ಲ ಸಾರ್. ಇದು ಅದಕ್ಕಿಂತ ಬೇಗ ಕೆಡುತ್ತೆ. ಕೆಟ್ಟಾಗ ಕೂಗುತ್ತೆ, ಯಾರಾದ್ರೂ ಬರ್ತಾರೆ. ನಿಲ್ಲಿಸಿದ್ದು ಕೂಗಲ್ಲ."

"ನಿಲ್ಲಿಸೋದಕ್ಕೆ ಲೆಕ್ಕ ಇದೆಯಾ ನಿಮ್ಮ ಹತ್ರ?"

"ಇಲ್ಲ. ಎಂಟು ವರ್ಷದ ಲೆಕ್ಕವನ್ನ ನಾನೇ ಬರೆಯಬೇಡ ಅಂತ ಬಿಡಿಸಿದೀನಿ."

ಯಜಮಾನರು ನನ್ನನ್ನು ನೋಡಿದರು. ನಾನು ಪಟ್ಟಿ ನೋಡಿದೆ.

"ಅಂಕಿ ಇಲ್ಲದೆ ನೀವು ಯಾವತ್ತೂ ಸಹಿ ಹಾಕಿದವರಲ್ಲ," ಎಂದರು ಯಜಮಾನರು. "ಕಾರಣನಾದ್ರೂ ಬರೀರಿ. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಬೇಕು."

ಜೋಯಿಸಮ್ಮ ಪೆನ್ನು ತೆಗೆದುಕೊಂಡು, ಅಂಕಿ ಬರೆಯುವ ಜಾಗದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದರು: ಪಕ್ಕದಲ್ಲಿ ಮಲಗಿದವರ ನಿದ್ದೆಗಾಗಿ ಇದನ್ನು ಯಾರೂ ನಿಲ್ಲಿಸುವುದಿಲ್ಲ. ಅದರ ಕೆಳಗೆ ಸಹಿ ಹಾಕಿದರು.